ಪಾಸ್ಟರಮ್ಮನನ್ನು ಹಿಂದೆ ನಿಲ್ಲಿಸಿದ ಕತೆ

ಆ ಚರ್ಚಿನಲ್ಲಿ ಎಲ್ಲರೂ ಅವಳನ್ನು ಪಾಸ್ಟರಮ್ಮ ಎಂದೇ ಕರೆಯುತ್ತಿದ್ದರು. ಪಾಸ್ಟರನ ಹೆಂಡತಿ ಎಂದಲ್ಲ, ಅವಳೇ ಪಾಸ್ಟರು. ಗಂಡ ಫ್ರಿಜ್ ರಿಪೇರಿ ಮಾಡುವವನು. ಹೊಸದಾಗಿ ಬಂದ ಹಿರಿಯ ಪಾಸ್ಟರಿಗೆ, ಜನರ ಬಾಯಲ್ಲಿ ದೊಡ್ಡಯ್ಯನವರಿಗೆ, ಅವಳು ಮೊದಲಿನಿಂದಲೂ ಕಣ್ಣಲ್ಲಿ ಬಿದ್ದ ಕಸ.

ಶುರುವಾದದ್ದು ನಗೆಚಾಟಿಕೆಯಿಂದ. ಅವಳು ಬೈಬಲ್ ಪ್ರಸಂಗ ಮುಗಿಸಿ ವೇದಿಕೆ ಇಳಿದರೆ ಸಾಕು, ಅವರು ಮೈಕ್ ಹಿಡಿದು, "ಅಮ್ಮನವರು ಹೇಳಿದ್ದು ಯಾರಿಗಾದ್ರೂ ಅರ್ಥ ಆಯ್ತಾ? ಇರ್ಲಿ, ನಾನು ಬಿಡಿಸಿ ಹೇಳ್ತೀನಿ" ಎನ್ನುತ್ತಿದ್ದರು. ಜನ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಆಮೇಲೆ ಅವಳಿಗೆ ಪ್ರಸಂಗದ ಸರದಿಯೇ ತಪ್ಪಿಹೋಯಿತು. ಅವಳ ಕೋಣೆಗೆ ಬೇರೆ ಬೀಗ ಬಿತ್ತು. ಕುರ್ಚಿ ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕಕ್ಕೆ ಬಂತು. ಸಮಿತಿಯ ಹಿರಿಯರೊಬ್ಬರಿಗೆ ಹೇಳಿಕೊಂಡಳು.

"ಹೊಂದ್ಕೊಂಡು ಹೋಗಮ್ಮ. ಅವರ ಬಾಯಿಗೆ ಯಾರು ಬೀಳ್ತಾರೆ?"

ಬಟ್ಟೆ ಹೊಲಿಯುತ್ತಿದ್ದ ಅಜ್ಜಿಯೊಬ್ಬಳು ಲಕ್ವ ಹೊಡೆದು ಮಲಗಿದ್ದಳು. ವಾರವಾರ ಹೋಗಿ ಅವಳ ಉಗುರು ಕತ್ತರಿಸಿ, ಪ್ರಾರ್ಥನೆ ಮಾಡಿ ಬರುತ್ತಿದ್ದವಳು ಪಾಸ್ಟರಮ್ಮ. "ನನ್ನ ಮಣ್ಣು ನೀನೇ ಮಾಡ್ಬೇಕು ಕಣೆ" ಎಂದು ಅಜ್ಜಿ ಮಾತು ತೆಗೆದುಕೊಂಡಿದ್ದಳು.

ಅಜ್ಜಿ ತೀರಿಕೊಂಡಾಗ ಪಾಸ್ಟರಮ್ಮ ನಿಲುವಂಗಿ ತೊಟ್ಟು ಗುಂಡಿಯ ಹತ್ತಿರ ನಿಂತಳು. ದೊಡ್ಡಯ್ಯನವರು ಎಲ್ಲರೆದುರೇ ಅವಳ ಕೈಯಿಂದ ಪ್ರಾರ್ಥನೆಯ ಪುಸ್ತಕ ಕಸಿದುಕೊಂಡರು.

"ನೀವು ಹಿಂದೆ ನಿಲ್ಲಿ."

ನಿಂತಳು. ಅವರು ಪ್ರಾರ್ಥನೆಯಲ್ಲಿ ಅಜ್ಜಿಯ ಹೆಸರನ್ನೇ ತಪ್ಪು ಹೇಳಿದರು. ಅಜ್ಜಿಯ ಮಗಳು ತಲೆಯೆತ್ತಿ ನೋಡಿ, ಮತ್ತೆ ತಗ್ಗಿಸಿದಳು. ಪಾಸ್ಟರಮ್ಮ ಹಿಂದಿನಿಂದ ಸರಿಯಾದ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಹೇಳಿದ್ದು ಅಷ್ಟೇ.

ಅದಕ್ಕೆ ಸಮಿತಿ ಕರೆಸಿತು. ಕಾರ್ಯದರ್ಶಿ ಪೆನ್ನು ಮುಂದಿಟ್ಟ.

"ರಾಜೀನಾಮೆ ಕೊಟ್ಬಿಡಿ. ನಿಮ್ಮ ಮರ್ಯಾದೆನೂ ಉಳಿಯುತ್ತೆ."

"ಕೊಡದಿದ್ರೆ?"

"ನಾವೇ ತೆಗೀಬೇಕಾಗುತ್ತೆ. ಆಮೇಲೆ ಜನ ಏನೇನು ಆಡ್ಕೋತಾರೋ, ನಮ್ಮ ಕೈಲಿಲ್ಲ."

ವಾದಿಸುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಸಹಿ ಹಾಕಿದಳು. ಭಾನುವಾರ ವೇದಿಕೆಯಿಂದ "ಅನಾರೋಗ್ಯದ ಕಾರಣ" ಎಂದು ಸಾರಿದರು. ಮನೆ ಚರ್ಚಿನದ್ದು, ಅದನ್ನೂ ಬಿಡಬೇಕಾಯಿತು.

ಈಗ ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾಳೆ. ಅವಳೇ ಮದುವೆ ಮಾಡಿಸಿದ ಜೋಡಿಗಳು ಅಂಗಡಿಯಲ್ಲಿ ಎದುರಾದರೆ ಈರುಳ್ಳಿ ಆರಿಸುವವರಂತೆ ತಲೆ ತಗ್ಗಿಸುತ್ತಾರೆ. ಹುಡುಕಿಕೊಂಡು ಬಂದವಳು ಅಜ್ಜಿಯ ಮಗಳೊಬ್ಬಳೇ.

"ಅವತ್ತು ನಾನೂ ಬಾಯಿ ಬಿಡ್ಬೇಕಿತ್ತು, ಪಾಸ್ಟರಮ್ಮ."

"ಹೋಗ್ಲಿ ಬಿಡು. ಬಾ, ಒಳಗೆ ಕೂತ್ಕೋ."

ಎಷ್ಟೋ ತಿಂಗಳು ಪಾಸ್ಟರಮ್ಮನ ಬಾಯಿಂದ ಪ್ರಾರ್ಥನೆ ಹೊರಡಲಿಲ್ಲ. ಊಟದ ಮುಂದೆ ಗಂಡನೇ ಕಣ್ಣು ಮುಚ್ಚಿ ತಡವರಿಸುತ್ತಿದ್ದ. "ದೇವ್ರೇ, ಊಟಕ್ಕೆ ವಂದನೆ. ಮಿಕ್ಕಿದ್ದು ನಿಂಗೆ ಗೊತ್ತೇ ಇದೆ."

ಕೊನೆಗೊಮ್ಮೆ ಇಬ್ಬರೂ ಬೇರೊಂದು ಚರ್ಚಿಗೆ ಹೋದರು. ಯಾರಿಗೂ ಗುರುತು ಹೇಳದೆ ಕೊನೆಯ ಬೆಂಚಿನಲ್ಲಿ ಕೂತರು. ಪ್ರಸಂಗ ಅರ್ಧಕ್ಕೆ ಬರುವಷ್ಟರಲ್ಲಿ ಅವಳು ಗಂಡನ ಭುಜಕ್ಕೆ ಒರಗಿ ನಿದ್ದೆ ಹೋಗಿದ್ದಳು. ಪಕ್ಕದ ಹೆಂಗಸು ಎಬ್ಬಿಸಲು ಕೈ ಚಾಚಿದಳು.

"ಮಲಗ್ಲಿ ಬಿಡಿ" ಎಂದ ಅವನು.