ನೂಲ ಹುಣ್ಣಿಮೆಯ ನಂತರದ ಸಮುದ್ರ

ಆಗಸ್ಟ್ ತಿಂಗಳ ಮಟಮಟ ಮಧ್ಯಾಹ್ನ, ಎರಡು ಸ್ವೆಟರ್ ಹಾಕಿಕೊಂಡು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟವಳು ಮಲ್ಪೆಯ ಹೆಂಗಸರಲ್ಲಿ ನಾನೊಬ್ಬಳೇ ಇರಬೇಕು. ಅಮೆರಿಕದಲ್ಲಿ ನಾವಿದ್ದ ಸ್ಯಾನ್ ಮಟಿಯೋದಿಂದ ಗುಡ್ಡ ದಾಟಿ ಹೋದರೆ ಸಿಗುವ ಕಡಲದು. ನಮ್ಮೂರಿನಂತೆ ಪಡುವಣಕ್ಕೇ ಇದೆ. ಆದರೆ ಕಾಲಿಟ್ಟರೆ ಮೀನು ತುಂಬುವ ಐಸಿನ ಪೆಟ್ಟಿಗೆಯಲ್ಲಿ ಇಟ್ಟಂತೆ; ಮಂಜು ಕವಿದು ಹತ್ತು ಮಾರು ಆಚೆ ಏನೂ ಕಾಣದು. ನಾನು ಬಿಟ್ಟ ಕಾಯಿಯನ್ನು ಮೂರನೆಯ ತೆರೆ ತಂದು ನನ್ನ ಕಾಲ ಬಳಿಯೇ ಹಾಕಿತು. ಮತ್ತೆ ಎಸೆದೆ, ಮತ್ತೆ ತಂದಿತು. ಕೈ ಮುಗಿದು ಬಂದುಬಿಟ್ಟೆ.

ನನ್ನ ಗಂಡ ರಾಘವರಿಗೆ ಟಗ್‌ನಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಟಗ್ ಎಂದರೆ ಪುಟ್ಟ ಗಟ್ಟಿ ಹಡಗು. ಸಾಮಾನು ತುಂಬಿದ ದೊಡ್ಡ ದೋಣಿಯನ್ನು ಉಕ್ಕಿನ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತದೆ. ಓಕ್ಲೆಂಡಿನಿಂದ ಹವಾಯಿ ದ್ವೀಪಗಳಿಗೆ ಹೆಚ್ಚುಕಡಿಮೆ ಎರಡು ವಾರದ ದಾರಿ. "ಅಲ್ಲಿ ತೆಂಗು ಉಂಟು, ಬಾಳೆ ಉಂಟು, ಬೆವರೂ ನಮ್ಮೂರಿನದೇ" ಎಂದು ಅವರು ಪತ್ರ ಬರೆದರೆ ನನಗೆ ಹೊಟ್ಟೆಕಿಚ್ಚು. ನನ್ನ ಪಾಲಿಗೆ ಸಿಕ್ಕಿದ್ದು ಗಾಜಿನ ಕಿಟಕಿಯ ಅಪಾರ್ಟ್‌ಮೆಂಟು. ಕಿಟಕಿಯಾಚೆಯ ಕೊಲ್ಲಿಯ ನೀರು ಕೆರೆಯಂತೆ ಸುಮ್ಮನೆ ಬಿದ್ದಿರುತ್ತಿತ್ತು. ಹುಟ್ಟಿದಂದಿನಿಂದ ತೆರೆಯ ಸದ್ದು ಕೇಳಿದವಳಿಗೆ ಆ ಮೌನ ಹುಚ್ಚು ಹಿಡಿಸುವಂಥದ್ದು.

ಇಂಗ್ಲಿಷು ಬಾರದು, ಕಾರು ಓಡಿಸಲು ಬಾರದು. ಗ್ರೋಸರಿಗೆ ಹೋದರೆ ಮೀನಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ನನಗೆ ಗೊತ್ತಿದ್ದದ್ದು ಒಂದೇ, ಸಮುದ್ರ. ಆ ಒಂದು ಜಂಬವನ್ನು ನಾನು ಬಿಡಲಿಲ್ಲ.

ಆ ವರ್ಷ ಅವರ ಆಫೀಸಿನವರು ಜೂನ್ ಟ್ರಿಪ್ಪೋ ಆಗಸ್ಟ್ ಕೊನೆಯ ಟ್ರಿಪ್ಪೋ, ಯಾವುದು ಬೇಕೋ ಆರಿಸಿಕೊಳ್ಳಿ ಎಂದಿದ್ದರು. ಮಲ್ಪೆಯಲ್ಲಿ ಮಳೆ ಹಿಡಿದರೆ ದೋಣಿಗಳೆಲ್ಲ ದಡಕ್ಕೆ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು, ತೆಂಗಿನಕಾಯಿ ಬಿಟ್ಟ ಮೇಲೆಯೇ ಮತ್ತೆ ನೀರಿಗಿಳಿಯುವುದು. ಮೀನು ಹಿಡಿಯುವ ನಮ್ಮ ಮೊಗವೀರರ ಮನೆಯಲ್ಲಿ ಇದಕ್ಕೆ ಎರಡು ಮಾತಿಲ್ಲ.

"ಜೂನಲ್ಲಿ ಕಡಲಿಗೆ ಹೋಗುದು ಬೇಡ. ಹುಣ್ಣಿಮೆ ಕಳೀಲಿ" ಎಂದೆ. ನಾವು ಮಾತಾಡುವುದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ನಮ್ಮ ಕಡಲಲ್ಲ ಮಾರಾಯ್ತಿ. ಇಲ್ಲಿಯ ಲೆಕ್ಕವೇ ಬೇರೆ."

"ಕಡಲು ಎಲ್ಲಿಯಾದರೂ ಕಡಲೇ. ನೀವು ಹೋದರೆ ನಾನು ಊಟ ಮುಟ್ಟುದಿಲ್ಲ."

ಅವರು ಸೋತರು. ಜೂನಿನಲ್ಲಿ ಹೋದವರು ಎಣ್ಣೆಯಂಥ ನೀರಿನಲ್ಲಿ ಹೋಗಿ ಬಂದರು. ನಾನು ಕಾಯಿ ಬಿಟ್ಟ ಮೂರನೆಯ ದಿನ ಇವರು ಹೊರಟರು.

ಊರಿನಿಂದ ತಂದ ರೇಡಿಯೋದಲ್ಲಿ ಒಂದು ಸ್ಟೇಷನ್ ಇತ್ತು. ಇಡೀ ದಿನ ಗಡಿಯಾರದಂತೆ ಟಿಕ್ ಟಿಕ್ ಅನ್ನುವುದು. ಗಂಟೆಗೊಮ್ಮೆ ಅದರ ನಡುವೆ ಸಮುದ್ರದ ಹವಾಮಾನ ಹೇಳುವರು. ನನ್ನ ಇಂಗ್ಲಿಷಿನ ಶಾಲೆ ಅದೇ. ನಾಟ್ ಎಂದರೆ ಗಾಳಿಯ ವೇಗ. ಸ್ವೆಲ್ ಎಂದರೆ ದೂರದ ಬಿರುಗಾಳಿ ಎಬ್ಬಿಸಿ ಕಳಿಸುವ ಉದ್ದನೆಯ ತೆರೆ. ಅವರು ಹೋದ ಒಂಬತ್ತನೆಯ ದಿನ ಹೊಸ ಪದ ಬಂತು, ಹರಿಕೇನ್. ಪಕ್ಕದ ಮನೆಯ ಮೈಸೂರಿನ ವಸಂತಾ ಅವರನ್ನು ಕೇಳಿದೆ. "ಚಂಡಮಾರುತ ಕಣ್ರೀ. ಆ ಕಡೆ ಜೂನಿಂದ ನವೆಂಬರ್ ತನಕ ಅದರದೇ ಸೀಸನ್ನಂತೆ. ಆಗಸ್ಟಲ್ಲಂತೂ ಜಾಸ್ತಿ" ಎಂದರು.

ಅವರು ಬಿಟ್ಟುಹೋಗಿದ್ದ ಹಳೆಯ ಕಡಲ ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ಬಿರುಗಾಳಿಗೆ ಒಂದು ಕರಿಮೆಣಸು, ಟಗ್‌ಗೆ ಒಂದು ಹುಣಸೆಬೀಜ. ರೇಡಿಯೋ ಹೇಳಿದಂತೆ ಮೆಣಸನ್ನು ದ್ವೀಪಗಳತ್ತ ಸರಿಸುತ್ತಿದ್ದೆ. ಬೀಜವನ್ನು ಎಲ್ಲಿಗೆ ಸರಿಸಬೇಕೆಂದು ಯಾರೂ ಹೇಳಲಿಲ್ಲ. ಆಫೀಸಿಗೆ ವಸಂತಾ ಫೋನು ಮಾಡಿದರು. ಟಗ್ಗಿನ ಸಂಪರ್ಕ ಸಿಗುತ್ತಿಲ್ಲ ಎಂದರಂತೆ.

"ರೀ, ಒಂದು ತುತ್ತಾದ್ರೂ ತಿನ್ರೀ. ಹೀಗೆ ಕೂತ್ರೆ ಏನ್ ಬಂತು?"

"ನಾನೇ ಕಳಿಸಿದ್ದು ವಸಂತಾ. ಅವರು ಜೂನಲ್ಲೇ ಹೋಗ್ತೇನೆ ಅಂದಿದ್ದರು. ನಾನೇ ಹಟ ಮಾಡಿ ಬಿರುಗಾಳಿಯ ಬಾಯಿಗೆ ಕೊಟ್ಟೆ."

ಅಂಥ ಭಯವನ್ನು ನಾನು ಮತ್ತೆಂದೂ ಪಟ್ಟಿಲ್ಲ. ಊರಿನಲ್ಲಾದರೆ ಗಂಡಸರು ಬಾರದಿದ್ದರೆ ಹೆಂಗಸರೆಲ್ಲ ದಡಕ್ಕೆ ಓಡುತ್ತಾರೆ, ಒಟ್ಟಿಗೆ ಅಳುತ್ತಾರೆ. ಇಲ್ಲಿ ಓಡಲು ದಡವೆಲ್ಲಿ? ನಾಲ್ಕು ದಿನ ಆ ಟಿಕ್ ಟಿಕ್ ಎದುರು ಕುಳಿತೆ. ಕೊನೆಗೆ ಮೆಣಸನ್ನು ಹುಣಸೆಬೀಜದ ಮೇಲೆಯೇ ಇಡಬೇಕಾಗಿ ಬಂತು. ಇಡಲಾರದೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಐದನೆಯ ದಿನ ಬೆಳಿಗ್ಗೆ ಫೋನು ಬಂತು. ಹೊನೊಲುಲುವಿನಿಂದ.

"ನಾನು. ಹಗ್ಗ ಕಡಿದು ದೋಣಿ ಹೋಯ್ತು. ನಾವು ಇದ್ದೇವೆ. ಅಮ್ಮನಿಗೆ ಬರೀಬೇಡ, ಆಯ್ತಾ? ನಿನ್ನನ್ನೂ ಬೈತಾಳೆ."

ಬೈಯಬೇಕಾದವರು ಬೈಯಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟಿತು.

ಮರುವರ್ಷ ಮೇ ಕೊನೆಯಲ್ಲಿ ಅವರು, "ಯಾವಾಗ ಹೋಗುದು?" ಎಂದು ನನ್ನನ್ನೇ ಕೇಳಿದರು. ಗೇಲಿ ಮಾಡಲಿಲ್ಲ, ನಿಜವಾಗಿಯೇ ಕೇಳಿದರು. "ಈಗಲೇ ಹೋಗಿ" ಎಂದೆ. ನಮ್ಮ ವಂಶದಲ್ಲಿ ಮಳೆಗಾಲಕ್ಕೆ ಗಂಡನನ್ನು ಕಡಲಿಗೆ ಕಳಿಸಿದ ಮೊದಲ ಹೆಂಗಸು ನಾನೇ ಇರಬೇಕು. ಅವರು ಬಾಗಿಲು ದಾಟಿದ ಮೇಲೆ ರೇಡಿಯೋ ಹಚ್ಚಿ, ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಹರಡಿದೆ.

ಅವರು ಹೋದ ಎರಡನೆಯ ವಾರ ಊರಿನಿಂದ ಅತ್ತೆ ಬರೆಸಿದ ಪತ್ರ ಬಂತು. "ಇಲ್ಲಿ ಮಳೆ ಹಿಡಿದಿದೆ. ಕಡಲು ಬೊಬ್ಬೆ ಹಾಕುತ್ತಿದೆ, ದೋಣಿಗಳೆಲ್ಲ ಮೇಲೆ. ರಾಘು ಮನೆಯಲ್ಲೇ ಇದ್ದಾನೆ ತಾನೆ?"

ಟಿಕ್ ಟಿಕ್ ನಡುವೆ ಹವಾಮಾನ ಶುರುವಾಯಿತು. ದ್ವೀಪಗಳ ಸುತ್ತ ಹಗುರ ಗಾಳಿ, ಸಣ್ಣ ತೆರೆ. ಕೊನೆಯ ಶಬ್ದದವರೆಗೂ ಕೇಳಿ, ಹುಣಸೆಬೀಜವನ್ನು ನಕ್ಷೆಯ ನೀರಿನ ನಡುವೆ ಇಟ್ಟು, ಪೆನ್ನು ತೆಗೆದುಕೊಂಡು ಬರೆದೆ: "ಹೌದು ಅತ್ತೆ, ಮನೆಯಲ್ಲೇ ಇದ್ದಾರೆ."