ಹಾಕ್ತೀನಿ ಅಂತ ಹೇಳು ಅವನಿಗೆ

ಹಳೇ ಲಾರಿಯ ವೈಪರ್ ಮೋಟರು ಬದಲಾಯಿಸುವುದಕ್ಕೆ ಇಬ್ಬರು ಸಾಕು. ಒಬ್ಬ ಒಳಗೆ ಕೂತು ಸ್ವಿಚ್ಚು ಹಾಕಬೇಕು, ಇನ್ನೊಬ್ಬ ಹೊರಗೆ ನಿಂತು ಮೋಟರು ನೋಡಬೇಕು. ಅವತ್ತು ಮಾಡದಕೆರೆಯ ನಮ್ಮ ಅಂಗಳದಲ್ಲಿ ಮೂರು ಜನ ಬೇಕಾಯಿತು. ಒಳಗೆ ನನ್ನ ಅಣ್ಣ, ಹೊರಗೆ ನನ್ನ ತಮ್ಮ. ಅವರಿಬ್ಬರಿಗೂ ಮಾತಿರಲಿಲ್ಲವಾದ್ದರಿಂದ ಲಾರಿಯ ಬಾಗಿಲ ಹತ್ತಿರ ನಾನು.

ಮಾತು ಬಿಟ್ಟು ಮೂರು ವರ್ಷವಾಗಿತ್ತು. ಬಿಟ್ಟಿದ್ದೂ ಇದೇ ವೈಪರಿನ ದೆಸೆಯಿಂದ.

ನಮ್ಮ ಕಡೆ ಲಾರಿಗೆ ವೈಪರು ಬೇಕಾಗುವುದು ವರ್ಷಕ್ಕೆ ಎಂಟೋ ಹತ್ತೋ ದಿನ. ಹಾರನ್ನು ಕೆಟ್ಟರೆ ಅವತ್ತೇ ರಿಪೇರಿ, ವೈಪರು ಕೆಟ್ಟರೆ ಮಳೆ ಬಂದಾಗ ನೋಡೋಣ. ಲಾರಿ ಅಣ್ಣನದು, ಓಡಿಸುತ್ತಿದ್ದವನು ತಮ್ಮ. ಹೊಸದುರ್ಗದ ಕಡೆಯಿಂದ ತೆಂಗಿನಕಾಯಿ ತುಂಬಿಕೊಂಡು ಹೋಗುತ್ತಿದ್ದ. "ಅಣ್ಣ, ವೈಪರ್ ನಿಂತೈತೆ" ಎಂದು ಎರಡು ತಿಂಗಳು ಹೇಳಿದ. "ಮೋಡ ಎಲ್ಲೈತೆ ತೋರ್ಸಲೇ" ಎಂದು ಅಣ್ಣ ನಗುತ್ತಿದ್ದ. ಅವನ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮೋಡ ನಿಜವಾಗಿಯೂ ಇರಲಿಲ್ಲ.

ಅವ್ವ ತೀರಿಕೊಂಡದ್ದು ಹೊಳಲ್ಕೆರೆ ಹತ್ತಿರದ ಊರಿನಲ್ಲಿ, ಅಣ್ಣನ ಮನೆಯಲ್ಲಿ. ತಮ್ಮ ಅವತ್ತು ಹಿರಿಯೂರಿನ ಆಚೆ ಲೋಡು ಇಳಿಸಿದ್ದ. ಸುದ್ದಿ ಕೇಳಿ ಹೊರಟವನಿಗೆ ಹಿರಿಯೂರು ದಾಟುವಷ್ಟರಲ್ಲಿ ಮಳೆ ಹಿಡಿಯಿತು. ನೀರು ನಿಲ್ಲದೆ ಜಾರಲೆಂದು ಗಾಜಿಗೆ ಹೊಗೆಸೊಪ್ಪು ತಿಕ್ಕಿದ, ಕಿಟಕಿಯಿಂದ ತಲೆ ಹೊರಗೆ ಹಾಕಿ ಓಡಿಸಿದ, ಕೊನೆಗೆ ಏನೂ ಕಾಣದೆ ರಸ್ತೆ ಪಕ್ಕ ನಿಲ್ಲಿಸಿಕೊಂಡು ಕೂತ. "ಕಾಯ್ರಿ, ಬರ್ತಾ ಇದೀನಿ" ಎಂದು ಮೂರು ಸಲ ಫೋನು ಮಾಡಿದ್ದ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು ಹಿರಿಯರು ಅವಸರ ಮಾಡಿದರು. ಅಣ್ಣ ಒಂದು ಗಂಟೆ ತಡೆದ, ಆಮೇಲೆ ತಡೆಯಲಾಗಲಿಲ್ಲ. ತಮ್ಮ ಬಂದಾಗ ಮಣ್ಣಿನ ಮೇಲೆ ಹೂವು ಹಾಕಿ ಎಲ್ಲರೂ ತಿರುಗಿದ್ದೆವು.

"ನನ್ ಅವ್ವನ ಮುಖ ತಪ್ಪಿಸ್ದೆ ನೀನು" ಎಂದ ತಮ್ಮ.

"ಲಾರಿ ಅಲ್ಲೇ ಬಿಟ್ಟು ಬಸ್ ಹತ್ತಾಕೆ ಏನಾಗಿತ್ತಲೇ?"

"ನಿನ್ ಲಾರಿ ರೋಡಲ್ಲಿ ಬಿಟ್ಟು ಬಂದಿದ್ರೆ ಅದಕ್ಕೂ ಉಗೀತಿದ್ದೆ."

ಅಷ್ಟೇ. ಮರುದಿನ ಕೀಲಿಯನ್ನು ಅಣ್ಣನ ಜಗುಲಿಯ ಮೇಲಿಟ್ಟು ಹೋದ ತಮ್ಮ ಹಿರಿಯೂರಿನಲ್ಲಿ ಲಾರಿಗಳ ವೈರಿಂಗ್ ಕೆಲಸಕ್ಕೆ ಸೇರಿಕೊಂಡ. ಅಣ್ಣ ಲಾರಿಯನ್ನು ಆಗೊಮ್ಮೆ ಈಗೊಮ್ಮೆ ಓಡಿಸಿ, ಆಮೇಲೆ ನಮ್ಮ ಅಂಗಳದಲ್ಲಿ ತಂದು ನಿಲ್ಲಿಸಿದ. ಮಳೆಗಾಲ ಬಂದರೂ ಆ ವೈಪರನ್ನು ಅವನು ಮುಟ್ಟಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೂ ಆಗಲಿಲ್ಲ.

ಮತ್ತೆ ಅದರ ಮಾತೆದ್ದದ್ದು ಎಫ್‌ಸಿ, ಅಂದರೆ ಲಾರಿ ರಸ್ತೆಗಿಳಿಯಲು ಯೋಗ್ಯ ಎನ್ನುವ ಸರ್ಟಿಫಿಕೇಟು, ಮಾಡಿಸುವಾಗ. ವೈಪರ್ ಇಲ್ಲದ ಲಾರಿಗೆ ಸಹಿ ಇಲ್ಲ ಎಂದು ಚಿತ್ರದುರ್ಗದಿಂದ ವಾಪಸು ಕಳಿಸಿದ್ದರು. ನಾನು ಅಣ್ಣನಿಗೆ, "ಹಿರಿಯೂರಿಂದ ಮೆಕ್ಯಾನಿಕ್ ಬರ್ತಾನೆ, ನೀನೂ ಬಾ" ಎಂದೆ. ತಮ್ಮನಿಗೆ, "ಅಣ್ಣ ಬರಲ್ಲ, ನೀನು ಬಾ" ಎಂದೆ. ಮೊದಲನೆಯದು ಅರ್ಧ ಸುಳ್ಳು, ಎರಡನೆಯದು ಪೂರಾ ಸುಳ್ಳು. ಬೆಳಿಗ್ಗೆಯೇ ಹುರುಳಿಕಾಳು ಬೇಯಲಿಟ್ಟೆ. ಇಬ್ಬರಿಗೂ ಅವ್ವನ ಕೈಯ ಹುರುಳಿ ಸಾರೆಂದರೆ ಪ್ರಾಣ.

ತಮ್ಮ ಅಂಗಳಕ್ಕೆ ಬಂದು ಅಣ್ಣನನ್ನು ನೋಡಿದವನೇ ನನ್ನ ಕಡೆ ತಿರುಗಿದ. "ಏನಕ್ಕ ಇದು?" ನಾನು ಚೊಂಬು ನೀರು ಕೊಟ್ಟೆ. ಹೋಗಲಿಲ್ಲ. ಲಾರಿಯ ಮುಂದಿನ ಮುಚ್ಚಳ ಎತ್ತಿ ಕಡ್ಡಿ ಕೊಟ್ಟು ನಿಲ್ಲಿಸಿದ. ಅಣ್ಣ ಡ್ರೈವರ್ ಸೀಟಿಗೆ ಹತ್ತಿದ.

"ಅಕ್ಕ, ಸ್ವಿಚ್ ಹಾಕು ಅನ್ನು."

"ಅಣ್ಣ, ಸ್ವಿಚ್ ಹಾಕು."

"ಹಾಕಿದೀನಿ ಅನ್ನು."

"ಹಾಕವ್ನಂತೆ ಕಣಪ್ಪ."

ಒಬ್ಬರಿಂದೊಬ್ಬರಿಗೆ ಇದ್ದ ದೂರ ಎರಡು ಮಾರು. ನಡುವೆ ಒಂದು ಧೂಳು ಹಿಡಿದ ಗಾಜು. ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿತ್ತು, ಆದರೂ ನನ್ನ ಬಾಯಿಂದ ಬರುವವರೆಗೆ ಯಾರೂ ಕೈ ಆಡಿಸುತ್ತಿರಲಿಲ್ಲ. ಜಗುಲಿಯಲ್ಲಿ ಕೂತಿದ್ದ ನಮ್ಮ ಯಜಮಾನರು, "ಇವಳಿಗೊಂದು ಮೈಕ್ ತಂದ್ಕೊಡ್ರಪ್ಪ" ಎಂದರು. ಅಣ್ಣನ ಮೀಸೆ ಸ್ವಲ್ಪ ಅಲುಗಿತು.

ತಮ್ಮ ಮೊದಲು ಫ್ಯೂಸು ತೆಗೆದು ನೋಡಿದ, ಸರಿಯಿತ್ತು. ಬಲ್ಬಿಗೆ ಎರಡು ವೈರು ಕಟ್ಟಿಕೊಂಡಿದ್ದ, ಅದನ್ನು ಮೋಟರಿನ ಪ್ಲಗ್ಗಿಗೆ ಹಿಡಿದ. ಹತ್ತಿತು.

"ಕರೆಂಟ್ ಬರ್ತೈತೆ. ಸ್ವಿಚ್ಚು, ವೈರು ಚೆನ್ನಾಗವೆ ಅನ್ನು."

"ಅರ್ತ್ ನೋಡಿದ್ನಾ ಕೇಳು," ಎಂದ ಅಣ್ಣ.

"ನೋಡ್ದೆ ಇರಾಕೆ ನಾನೇನು ಕಡ್ಳೆಪುರಿ ತಿನ್ನಾಕೆ ಬಂದಿದೀನಾ ಅನ್ನು."

"ನೋಡ್ತಾನಂತೆ," ಎಂದೆ. ಖಾರದ ಮಾತಿಗೆ ನಾನೇ ಒಂದಿಷ್ಟು ಮಜ್ಜಿಗೆ ಬೆರೆಸಿ ದಾಟಿಸುತ್ತಿದ್ದೆ.

ಬ್ಯಾಟರಿಯಿಂದ ಬೇರೆ ವೈರು ಎಳೆದು ಅರ್ತ್ ಕೊಟ್ಟರೂ ಮೋಟರು ಮಿಸುಕಲಿಲ್ಲ. ತಮ್ಮ ಸ್ಪ್ಯಾನರಿನ ಹಿಂಬದಿಯಿಂದ ಅದರ ತಲೆಯ ಮೇಲೆ ಎರಡು ಕುಟ್ಟಿದ. ತಟ್ಟನೆ ವೈಪರು ಎದ್ದು ಗಾಜಿನ ಮೇಲೆ ಎರಡು ಸಲ ಹಾಯ್ದು, ಮೂರನೇ ಸಲಕ್ಕೆ ನಡುವೆಯೇ ನಿಂತಿತು. ಆ ಎರಡು ಸಲದಲ್ಲಿ ಧೂಳಿನ ನಡುವೆ ಒಂದು ಕಮಾನು ಚೊಕ್ಕಟವಾಯಿತು. ಅದರೊಳಗಿಂದ ಅಣ್ಣ ತಮ್ಮನನ್ನು ನೋಡಿದ, ತಮ್ಮ ಅಣ್ಣನನ್ನು ನೋಡಿದ. ಇಬ್ಬರೂ ಬೇಗ ಮುಖ ತಿರುಗಿಸಿಕೊಂಡರು.

"ಒಳಗೆ ಕಾರ್ಬನ್ ಸವೆದು ಹೋಗೈತೆ. ಮೋಟ್ರೇ ಹಾಕ್ಬೇಕು ಅನ್ನು."

ಬೇಕಾಗಬಹುದೆಂದು ಹಿರಿಯೂರಿನಿಂದಲೇ ಒಂದನ್ನು ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಹಳೆಯದರ ಬೋಲ್ಟುಗಳು ತುಕ್ಕು ಹಿಡಿದಿದ್ದವು. ತಮ್ಮ ಕೈ ಚಾಚಿ ತಡಕುವಷ್ಟರಲ್ಲಿ ಅಣ್ಣ ತಾನೇ ಇಳಿದು ಬಂದು, ಬೇಕಾದ ಸ್ಪ್ಯಾನರನ್ನು ಅವನ ಕೈಗೆ ಎಟಕುವಂತೆ ಬಂಪರಿನ ಮೇಲಿಟ್ಟು ಮತ್ತೆ ಹತ್ತಿ ಕೂತ. ತಮ್ಮ ಅದನ್ನೇ ತೆಗೆದುಕೊಂಡ. ನಾನು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟು ಬಂದೆ. ಇವತ್ತು ಇಬ್ಬರೂ ಒಂದೇ ಸಾಲಿನಲ್ಲಿ ಉಣ್ಣುತ್ತಾರೆ ಎಂದು ಮನಸ್ಸು ಹೇಳಿತು.

ಹೊಸ ಮೋಟರು ಕೂಡಿಸಿದ ಮೇಲೆ, ವೈಪರನ್ನು ಆಡಿಸುವ ಕಡ್ಡಿಗಳಿಗೆ ಸೇರಿಸುವ ಮುಂಚೆ ಅದನ್ನು ಬರಿದೇ ಓಡಿಸಿ, ತಾನಾಗಿ ನಿಲ್ಲುವ ಜಾಗದಲ್ಲಿ ನಿಲ್ಲಲು ಬಿಡಬೇಕಂತೆ. ಹಾಗೆ ಮಾಡದಿದ್ದರೆ ವೈಪರು ಗಾಜಿನ ನಡುವೆ ಬಂದು ನಿಲ್ಲುತ್ತದೆ. ಹಾಕು ಅನ್ನು, ತೆಗಿ ಅನ್ನು ಎಂದು ಅದೂ ಆಯಿತು. ತಮ್ಮ ಕೈಯನ್ನು ಮೊಣಕೈವರೆಗೂ ಒಳಗೆ ಹಾಕಿ ಕಡ್ಡಿಯ ನಟ್ಟು ಬಿಗಿ ಮಾಡುತ್ತಿದ್ದ. ತಲೆ ಮುಚ್ಚಳದ ಕೆಳಗಿತ್ತು. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಗಡಗಡ ಎನ್ನುತ್ತಾ ಬರುತ್ತಿತ್ತು.

"ಹಾಕ್ತೀನಿ ಅಂತ ಹೇಳು ಅವನಿಗೆ," ಎಂದ ಅಣ್ಣ.

ನಾನು ಹೇಳಲಿಲ್ಲ.

ಮರೆತೆ ಎಂದು ಬರೆಯಬಹುದಿತ್ತು. ಮರೆತಿರಲಿಲ್ಲ. ಅವನಿಗೂ ಕೇಳಿಸಿರುತ್ತದೆ, ನಾನು ಬಾಯಿ ಮುಚ್ಚಿಕೊಂಡರೆ ಅವನೇ ತಲೆಯೆತ್ತಿ "ತಡಿ ಅಣ್ಣ" ಎನ್ನುತ್ತಾನೆ, ಒಂದು ಮಾತು ಬಂದರೆ ಸಾಕು ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಂಡೆ. ಸೆರಗು ಹಿಡಿದುಕೊಂಡು ಸುಮ್ಮನೆ ನಿಂತೆ. ಬೆಳಗಿನಿಂದ ಒಂದು ಸಲವೂ ತಪ್ಪದೆ ಹೇಳಿದವಳು ಈಗಲೂ ಹೇಳಿರುತ್ತಾಳೆ ಎಂದು ಅಣ್ಣ ಸ್ವಿಚ್ಚು ಹಾಕಿದ.

"ಅಣ್ಣಾ!"

ಮೂರು ವರ್ಷದ ಮೇಲೆ ಆ ಕೂಗು. ಕೇಳಿದ ಕ್ಷಣ ನನಗೆ ಸಂತೋಷವಾಯಿತು. ಇದನ್ನು ಬರೆಯುವುದಕ್ಕೆ ಕೈ ಬರುವುದಿಲ್ಲ, ಆದರೆ ಆಗಿದ್ದು ಹಾಗೆ. ರಕ್ತ ಕಂಡದ್ದು ಆಮೇಲೆ.

ಬಲಗೈಯ ನಡುಬೆರಳು ಕಡ್ಡಿಗೆ ಸಿಕ್ಕಿ ಉಗುರು ಕಿತ್ತು, ತುದಿಯ ಮೂಳೆ ಬಿರಿದಿತ್ತು. ಅಣ್ಣ ಸ್ವಿಚ್ಚು ಆರಿಸಿ ಧುಮುಕಿ ಬಂದು, ಹೆಗಲ ಟವಲ್ಲು ಹರಿದು ಸುತ್ತಿದ. ತಮ್ಮ ಕೈ ಬಿಡಿಸಿಕೊಂಡ.

"ಹೇಳ್ದೆ ಕೇಳ್ದೆ ಹಾಕ್ತಾನಲ್ಲ! ಬೇಕಂತ್ಲೇ ಹಾಕ್ದಾ ಕೇಳಕ್ಕ ಅವನ್ನ!"

ಅಣ್ಣ ನನ್ನ ಮುಖ ನೋಡಿದ. ತಾನು ಹೇಳಿದ್ದನ್ನು ನಾನು ದಾಟಿಸಲಿಲ್ಲ ಎಂಬುದು ಅವನಿಗೆ ಗೊತ್ತಾಯಿತು. "ತಂಗಿಗೆ ಹೇಳಿದ್ದೆ ಕಣೋ" ಎಂದರೆ ಮುಗಿಯುತ್ತಿತ್ತು. ಅವನು ನೆಲ ನೋಡಿ, "ನಂದೇ ತಪ್ಪು," ಎಂದ. ನನ್ನ ನಾಲಿಗೆ ಆಗಲೂ ಏಳಲಿಲ್ಲ.

ಯಜಮಾನರು ತಮ್ಮನನ್ನು ಬೈಕಿನಲ್ಲಿ ಹೊಸದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಂದ ಅವನು ಹಾಗೇ ಹಿರಿಯೂರಿನ ಬಸ್ಸು ಹತ್ತಿದ. ಬಿಗಿಯಾಗದೆ ಉಳಿದಿದ್ದ ನಟ್ಟನ್ನು ಅಣ್ಣನೇ ಬಿಗಿ ಮಾಡಿದ. ವೈಪರು ಚೆನ್ನಾಗಿ ಓಡಿತು, ಅದರ ಜಾಗದಲ್ಲೇ ನಿಂತಿತು. "ಊಟ ಮಾಡಣ್ಣ," ಎಂದೆ. "ಸೇರಲ್ಲ ಕಣವ್ವ," ಎಂದು ಲಾರಿ ಹೊರಡಿಸಿದ. ಸಾರನ್ನು ಮೂರು ದಿನ ಕುದಿಸಿ ಕುದಿಸಿ ಇಟ್ಟೆ, ಕೊನೆಗೆ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದೆ.

ಎಂಟು ತಿಂಗಳಿಗೆ ಅಣ್ಣ ಹೋದ. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವನು ಬಚ್ಚಲ ಕಲ್ಲಿನ ಮೇಲೆ ಕೂತ, ಏಳಲಿಲ್ಲ. ಈ ಸಲ ಹಿರಿಯರಿಗೆ ಅಡ್ಡ ನಿಂತು ತಮ್ಮ ಬರುವವರೆಗೂ ನಾನು ಕಾಯಿಸಿದೆ. ಅವನು ಬಂದು ಮುಖ ನೋಡಿದ, ಸೊಟ್ಟ ಬೆರಳಿನ ಕೈಯಿಂದಲೇ ಮಣ್ಣು ಹಾಕಿದ. ಅಳಲಿಲ್ಲ.

ಲಾರಿಯನ್ನು ಅತ್ತಿಗೆ, "ನೀನೇ ಓಡ್ಸಪ್ಪ" ಎಂದು ತಮ್ಮನಿಗೆ ಕೊಟ್ಟರು. ಅಣ್ಣನ ವರ್ಷದ ಕಾರ್ಯಕ್ಕೆ ಹೋಗುವಾಗ ಅವನು ನಮ್ಮೂರಿಗೆ ಬಂದು ನನ್ನನ್ನು ಹತ್ತಿಸಿಕೊಂಡ. ಹೊಸದುರ್ಗ ದಾಟಿದ ಮೇಲೆ ಮಳೆ ಬಂತು. ಅವನು ವೈಪರು ಹಾಕಿದ. ಹೇಳದೆ ಇರಲು ನನಗೆ ಇನ್ನು ಆಗಲಿಲ್ಲ.

"ಅವತ್ತು ಅಣ್ಣ ಹೇಳಿದ್ದ ಕಣಪ್ಪ. ಹಾಕ್ತೀನಿ ಅಂತ ಹೇಳು ಅವನಿಗೆ ಅಂದಿದ್ದ. ನಾನೇ ಹೇಳ್ಲಿಲ್ಲ. ನೀವೇ ಮಾತಾಡ್ಲಿ ಅಂತ ಸುಮ್ನಿದ್ದೆ."

ತಮ್ಮ ಲಾರಿಯನ್ನು ನಿಧಾನವಾಗಿ ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವತ್ತು ಸಂಜೆ ಫೋನ್ ಮಾಡಿದ್ದ," ಎಂದ. "ನಾಕು ಸಲ. ನಾನು ಎತ್ಲಿಲ್ಲ."

ನನಗೆ ಅದು ಗೊತ್ತಿರಲಿಲ್ಲ. ಅಣ್ಣ ಹೇಳಿರಲಿಲ್ಲ.

"ಎತ್ತಿದ್ರೆ ಏನಂತಿದ್ನಕ್ಕ?"

"ಗೊತ್ತಿಲ್ಲಪ್ಪ."

"ನಿನ್ ಹೆಸ್ರಂತೂ ಹೇಳ್ತಿರ್ಲಿಲ್ಲ ಬಿಡು."

ಸ್ಟೇರಿಂಗಿನ ಮೇಲೆ ತಲೆಯಿಟ್ಟ. ಮಳೆ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ವೈಪರು ಒಣಗಿದ ಗಾಜಿನ ಮೇಲೆ ಕಿರ್ರೆಂದು ಹೋಗುತ್ತಿತ್ತು, ಬರುತ್ತಿತ್ತು. ಆರಿಸು ಎಂದು ನಾನು ಹೇಳಲಿಲ್ಲ, ಅವನೂ ಆರಿಸಲಿಲ್ಲ.