ಘಟ್ಟ ಇಳಿದ ಮೆಣಸಿನಕಾಯಿ ಚೀಲ

ಬೇಸಿಗೆ ರಜೆ ಬಂತೆಂದರೆ ನಮ್ಮ ಓಣಿಯಲ್ಲಿ ಯಾರಾದರೊಬ್ಬರು ಕಾರು ತೆಗೆದುಕೊಂಡು ಸಮುದ್ರ ನೋಡಲು ಹೊರಡುತ್ತಾರೆ. ಹೊರಡುವ ಮುಂಚೆ ನಮ್ಮ ಕಟ್ಟೆಗೆ ಬಂದು ಕುಳಿತು, "ಅಮ್ಮಾರ, ನೀವು ಹೋಗಿ ಬಂದೀರಿ, ಏನೇನ್ ತಗೊಂಡ್ ಹೋಗಬೇಕು ಹೇಳ್ರಿ" ಎಂದು ಕೇಳುತ್ತಾರೆ. ನಾನೂ ಹೇಳುತ್ತೇನೆ. ನಸುಕಿನಲ್ಲೇ ಬ್ಯಾಡಗಿ ಬಿಡಿ, ಬಿಸಿಲು ಏರುವುದರೊಳಗೆ ಹಾನಗಲ್ ದಾಟಿರಬೇಕು. ಪೆಟ್ರೋಲು ಶಿರಸಿಯಲ್ಲೇ ತುಂಬಿಸಿ. ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಫೋನಿನ ಮ್ಯಾಪ್ ನಂಬಿ ಕೂಡಬೇಡಿ. ಕಾಟನ್ ಬಟ್ಟೆ ಒಯ್ಯಿರಿ, ಕರಾವಳಿಯ ಬೆವರು ನಮ್ಮ ಬೆವರಿನಂತಲ್ಲ, ಆರುವುದೇ ಇಲ್ಲ. ಕೊನೆಗೆ ದನಿ ತಗ್ಗಿಸಿ, "ಕಾರಿನೊಳಗ ಮೆಣಸಿನಕಾಯಿ ಮಾತ್ರ ಒಯ್ಯಬ್ಯಾಡ್ರಿ" ಎನ್ನುತ್ತೇನೆ.

ಅವರು ನಗುತ್ತಾರೆ. ಬ್ಯಾಡಗಿಯಲ್ಲಿ ಕುಳಿತು ಮೆಣಸಿನಕಾಯಿ ಬೇಡವೆನ್ನುವುದು ನಗುವ ಮಾತೇ. ನನಗೆ ಮಾತ್ರ ಅದು ನಗುವ ಮಾತಲ್ಲ.

ನನ್ನ ಯಜಮಾನರು ಬದುಕಿಡೀ ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಅವರ ತಂಗಿಯನ್ನು, ಅಂದರೆ ನನ್ನ ನಾದಿನಿಯನ್ನು, ಕುಮಟಾಕ್ಕೆ ಕೊಟ್ಟಿದ್ದಾರೆ. ಪ್ರತಿ ಬೇಸಿಗೆ, ಅಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕುವ ಹೊತ್ತಿಗೆ, ತವರಿನಿಂದ ಒಂದು ಚೀಲ ಮೆಣಸಿನಕಾಯಿ ಹೋಗಲೇಬೇಕು. ತೊಟ್ಟು ಮುರಿದೇ ಕಳಿಸಬೇಕೆಂಬುದು ನಮ್ಮ ಮನೆಯ ರೀತಿ. ತೊಟ್ಟಿನ ಸಮೇತ ಕಳಿಸಿದರೆ ಕೊಟ್ಟ ಹೆಣ್ಣುಮಗಳಿಗೆ ಕೆಲಸ ಹಚ್ಚಿದಂತೆ ಎಂದು ನನ್ನ ಅತ್ತೆಯವರು ಅನ್ನುತ್ತಿದ್ದರು. ಪ್ರತಿ ವರ್ಷ ಚೀಲ ಬಸ್ಸಿನಲ್ಲಿ ಪಾರ್ಸೆಲ್ ಹೋಗುತ್ತಿತ್ತು. ಒಂದು ವರ್ಷ ಮಗಳು, "ಅಪ್ಪಾ, ಈ ಸಲ ನಾವ ಒಯ್ಯೋಣು. ಮಮ್ಮಿಗೂ ಸಮುದ್ರ ತೋರಿಸಿದಂಗಾಗ್ತೈತಿ" ಎಂದಳು.

ಮಗಳು ರಾಣೇಬೆನ್ನೂರಿನಲ್ಲಿ ಕಾಲೇಜು ಲೆಕ್ಚರರ್. ಹಿಂದಿನ ದೀಪಾವಳಿಗೆ ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡಿದ್ದಳು. ಬ್ಯಾಡಗಿಯಿಂದ ರಾಣೇಬೆನ್ನೂರಿಗೆ, ಅಪರೂಪಕ್ಕೆ ಹಾವೇರಿಗೆ, ಅಷ್ಟೇ ಅವಳ ಡ್ರೈವಿಂಗು. ಎಲ್ಲ ಸಪಾಟು ರಸ್ತೆ. ಘಟ್ಟವೆಂದರೆ ನನಗೆ ಮೊದಲಿನಿಂದಲೂ ಭಯ. ಚಿಕ್ಕವಳಿದ್ದಾಗ ಬೋರ್ಡಿಂಗ್ ಸ್ಕೂಲಿನ ಸಿಸ್ಟರ್ಸ್ ನಮ್ಮನ್ನೆಲ್ಲ ಕಾರವಾರಕ್ಕೆ ಎಕ್ಸ್‌ಕರ್ಶನ್ ಕರೆದೊಯ್ದಿದ್ದರು. ತಿರುವು ತಿರುವಿಗೆ ನಾನು ಅಳುತ್ತಿದ್ದಾಗ ಒಬ್ಬ ಸಿಸ್ಟರ್ ನನ್ನ ತಲೆಯನ್ನು ತಮ್ಮ ಮಡಿಲಿಗೆ ಒತ್ತಿಕೊಂಡು, "ಕ್ಲೋಸ್ ಯುವರ್ ಐಸ್, ಚೈಲ್ಡ್" ಎಂದಿದ್ದರು. ಆ ಬಿಳಿ ಬಟ್ಟೆಯ ಸೋಪಿನ ವಾಸನೆ ಇನ್ನೂ ನೆನಪಿದೆ. ಅಂದಿನಿಂದ ಯಾವ ಘಟ್ಟ ಬಂದರೂ ನಾನು ಕಣ್ಣು ಮುಚ್ಚುವವಳೇ.

"ನಿಮ್ಮವ್ವ ಕಾನ್ವೆಂಟ್ ಬಾಯಿ, ಕಣ್ಣ್ ಮುಚ್ಚಿಕೊಂಡ ಸಮುದ್ರ ನೋಡ್ತಾಳ" ಎಂದು ಯಜಮಾನರು ಹೊರಡುವಾಗಲೇ ಕಿಚಾಯಿಸಿದರು.

ಶಿರಸಿಯವರೆಗೂ ಕಿಟಕಿ ತೆರೆದೇ ಹೋದೆವು. ಯಜಮಾನರು ಮುಂದೆ, ನಾನು ಹಿಂದೆ. ಚೀಲ ನನ್ನ ಬೆನ್ನ ಹಿಂದಿನ ಡಿಕ್ಕಿಯಲ್ಲಿ ನೆಟ್ಟಗೆ ನಿಂತಿತ್ತು. ಸಣ್ಣ ಕಾರು, ಸೀಟಿಗೂ ಡಿಕ್ಕಿಗೂ ನಡುವೆ ಅಡ್ಡ ಏನೂ ಇರಲಿಲ್ಲ. ವಾಸನೆ ಬರುತ್ತಿತ್ತೋ ಇಲ್ಲವೋ ದೇವರೇ ಬಲ್ಲ, ಬ್ಯಾಡಗಿಯವರ ಮೂಗಿಗೆ ಅದೊಂದು ವಾಸನೆಯೇ ಅಲ್ಲ. ದೇವಿಮನೆ ದಾಟಿ ಘಟ್ಟ ಇಳಿಯತೊಡಗಿದಾಗ ಅಗಲೀಕರಣದ ಕೆಲಸ ನಡೆದಿತ್ತು, ಕೆಂಪು ಧೂಳು ಒಳನುಗ್ಗಿತು. ಮಗಳು ಕಿಟಕಿಗಳನ್ನೆಲ್ಲ ಏರಿಸಿ ಏಸಿ ಹಾಕಿದಳು. ನಾನು ಕಣ್ಣು ಮುಚ್ಚಿದೆ.

ಮೊದಲ ದೊಡ್ಡ ತಿರುವಿನಲ್ಲಿ ಹಿಂದೆ ಏನೋ ಧೊಪ್ಪೆಂದು ಬಿತ್ತು. ಚೀಲ ಅಡ್ಡಬಿದ್ದು, ಅದರ ಮೇಲೆ ನಮ್ಮ ಸೂಟ್‌ಕೇಸ್ ಬಿದ್ದಿತ್ತು. ಅದು ಆಮೇಲೆ ಗೊತ್ತಾದದ್ದು. ಬಿಸಿಲಿಗೆ ಗರಿಗರಿಯಾಗಿದ್ದ ಕಾಯಿಗಳು ನುಚ್ಚಾಗಿದ್ದವು. ತೊಟ್ಟು ಇದ್ದಿದ್ದರೆ ಬಾಯಿ ಮುಚ್ಚಿದಂತೆ ಬೀಜ ಒಳಗೇ ಉಳಿಯುತ್ತಿತ್ತು. ತೊಟ್ಟು ಮುರಿದ ಕಾಯಿಯೆಂದರೆ ಮುಚ್ಚಳವಿಲ್ಲದ ಡಬ್ಬಿ. ಚೀಲದ ಬಾಯಿ ಸಡಿಲಾಗಿ ಬೀಜ, ಪುಡಿ, ಎಲ್ಲ ಹೊರಗೆ. ಏಸಿ ಅದನ್ನು ಎತ್ತಿ ನಮ್ಮ ಮುಖಕ್ಕೇ ಊದಿತು.

ಮಗಳು ಸೀನಿದಳು. ಮತ್ತೆ ಸೀನಿದಳು. ನನ್ನ ಗಂಟಲು ಹಿಡಿಯಿತು.

"ಘಾಟು!" ಎಂದೆ.

"ಬ್ಯಾಡಗಿ ಕಾಯಿಗೆ ಖಾರೆಲ್ಲಿ ಬಂತಲೇ, ಬರೇ ಬಣ್ಣ ಅದು" ಎಂದ ಯಜಮಾನರು ಮುಂದಿನ ಮಾತು ಕೆಮ್ಮುತ್ತಲೇ ಹೇಳಿದರು, "ಈ ಸಲ... ಉಪ್ಪಿನಕಾಯಿಗೆ ಖಾರ ಇರಲೆಂತ... ಗುಂಟೂರು ಕಾಯಿ ಬೆರಸೇನಿ."

ಮಗಳು ಕಣ್ಣುಜ್ಜಿಕೊಂಡಳು. ಆ ಕೈಯಲ್ಲೇ ಬೆಳಿಗ್ಗೆ ಚೀಲದ ಬಾಯಿ ಕಟ್ಟಿದ್ದಳು. ಒಮ್ಮೆಲೇ ಚೀರಿದಳು, "ಅಪ್ಪಾ! ಕಣ್ಣ್ ಕಾಣಸವಲ್ದು! ಮಮ್ಮೀ, ನನಗ ಏನೂ ಕಾಣಸವಲ್ದು!"

ನಾನು ಕಣ್ಣು ತೆರೆದೆ. ಬಲಗಡೆ ರಸ್ತೆಯ ಅಂಚು, ಅದರಾಚೆ ಗಿಡಗಳ ತುದಿಗಳು. ಗಿಡಗಳಲ್ಲ, ತುದಿಗಳು ಮಾತ್ರ. ಎದುರಿನ ತಿರುವಿನಿಂದ ಒಂದು ಲಾರಿ ಹಾರ್ನ್ ಹೊಡೆಯುತ್ತ ಮೇಲೆ ಬರುತ್ತಿತ್ತು. ನನ್ನ ಬಾಯಿಂದ ಕಾನ್ವೆಂಟಿನ ಪ್ರಾರ್ಥನೆ ಹೊರಟಿತು, ಯಜಮಾನರ ಬಾಯಿಂದ ಮೈಲಾರಲಿಂಗ. ಆದರೆ ಅವರ ಬಾಯಿ ದೇವರನ್ನು ಕರೆಯುತ್ತಿದ್ದರೆ ಕೈ ಸ್ಟೇರಿಂಗ್ ಹಿಡಿದಿತ್ತು. "ಎಡಕ್ಕ ತಗೋ ಯವ್ವಾ. ಎಡಕ್ಕ. ಬ್ರೇಕ್ ಒತ್ತು. ಹಗೂರಕ. ಇನ್ನಷ್ಟು ಎಡಕ್ಕ." ಲಾರಿ ನಮ್ಮ ಕನ್ನಡಿಗೆ ಗಾಳಿ ಬಡಿಸಿ ಹಾದುಹೋಯಿತು. ಗುಡ್ಡದ ಬದಿಗೆ ಸುರಿದಿದ್ದ ಜಲ್ಲಿ ರಾಶಿಗೆ ಕಾರಿನ ಮೂಗು ಕರ್ರೆಂದು ಹೂತು ನಿಂತಿತು. ಅವರು ಹ್ಯಾಂಡ್‌ಬ್ರೇಕ್ ಎಳೆದರು.

ಬಾಗಿಲು ತೆರೆದು ಮಗಳನ್ನು ಹೊರಗೆ ಇಳಿಸಿಕೊಂಡೆವು.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಕಣ್ಣು ತೊಳೆಯುವ ಮೊದಲು ಕೈ ತೊಳೆಯಬೇಕು, ಅದೂ ಬರೀ ನೀರಿನಲ್ಲಲ್ಲ. ಖಾರ ನೀರಿಗೆ ಬಿಡುವುದಿಲ್ಲ. ಬುತ್ತಿಯಲ್ಲಿದ್ದ ಮೊಸರನ್ನು ಮಗಳ ಕೈಗೆ ತಿಕ್ಕಿದೆ, ಆಮೇಲೆ ಸೋಪು ಹಚ್ಚಿದೆ, ಆಮೇಲೆ ಬಾಟಲಿಯ ತಣ್ಣೀರನ್ನು ಕಣ್ಣಿಗೆ ಸುರಿಯುತ್ತ ಹೋದೆ. ಕುಡಿಯುವ ನೀರೆಲ್ಲ ಅಲ್ಲಿಗೇ ಖರ್ಚಾಯಿತು. ಇನ್ನೊಂದು ಮಾತು. ತಿರುವಿನಲ್ಲಿ ಗಾಡಿ ನಿಂತರೆ ಒಬ್ಬರು ಹಿಂದೆ ಹೋಗಿ ನಿಲ್ಲಬೇಕು, ಮೇಲಿನಿಂದ ಬರುವವರಿಗೆ ಕಾಣುವಂತೆ. ಯಜಮಾನರಿಗೆ ಕೆಮ್ಮು ಬಿಟ್ಟಿರಲಿಲ್ಲ. ನಾನೇ ಕೊಡೆ ಹಿಡಿದು ಹೋದೆ. ಒಂದು ಕಡೆ ಗುಡ್ಡ, ಒಂದು ಕಡೆ ಏನೂ ಇಲ್ಲ. ಗುಡ್ಡಕ್ಕೆ ಬೆನ್ನು ಒತ್ತಿಕೊಂಡು ಕೊಡೆ ಬೀಸುತ್ತ ನಿಂತೆ.

ಮೇಲಿನಿಂದ ಕುಮಟಾದ ಬಸ್ಸೊಂದು ಬಂದು ಕಿರ್ರೆಂದು ನಿಂತಿತು. ಡ್ರೈವರ್ ನಮ್ಮ ಕಡೆಯವನೇ.

"ಏನಬೇ ಅಜ್ಜಿ, ಸಾಯಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?"

ಸಂಗತಿ ಹೇಳಿದೆ. ಅವನೂ ಕಂಡಕ್ಟರನೂ ಇಳಿದು ಡಿಕ್ಕಿ ತೆಗೆದರು, ಇಬ್ಬರೂ ಸೀನುತ್ತ ಹಿಂದಕ್ಕೆ ಹಾರಿದರು. "ಯಪ್ಪಾ! ಬಾಂಬ್ ಇಟಕೊಂಡ್ ಅಡ್ಡಾಡ್ತೀರಲ್ರಿ!" ಎಂದ ಕಂಡಕ್ಟರ್.

ಕಾರು ಇಲ್ಲೇ ಬಿಟ್ಟು ಎಲ್ಲರೂ ಬಸ್ಸು ಹತ್ತೋಣ ಎಂದು ನಾನು ಗೋಗರೆದೆ. ಡ್ರೈವರ್ ತಲೆಯಾಡಿಸಿದ. "ಈ ತಿರುವಿನ್ಯಾಗ ಬಿಟ್ರ ಯಾರರ ಬಂದು ಗುದ್ದತಾರ. ಅವರೂ ಸಾಯ್ತಾರ. ತಂಗಿ, ಕಣ್ಣ್ ಕಾಣಸ್ತಾವನ ಈಗ?"

ಮಗಳ ಕಣ್ಣು ಕೆಂಡದಂತಿದ್ದವು. ದೂರದ ಮೈಲುಗಲ್ಲು ಓದಿ ಹೇಳಿದಳು. ಯಜಮಾನರು ಕಣ್ಣಿಗೆ ಪೊರೆ ಬಂದ ಮೇಲೆ ಗಾಡಿ ಓಡಿಸುವುದನ್ನು ನಿಲ್ಲಿಸಿದವರು, ನನಗೆ ಬರುವುದೇ ಇಲ್ಲ. ಮಗಳು ನನ್ನ ಕಡೆ ನೋಡಿ ಮೆಲ್ಲಗೆ ಅಂದಳು: "ಮಮ್ಮಿ, ಈಗ ಇಳದು ಹ್ವಾದ್ರ ನಾ ಮತ್ತ ಎಂದೂ ಸ್ಟೇರಿಂಗ್ ಮುಟ್ಟೂದಿಲ್ಲ. ಖರೇ ಹೇಳ್ತೇನಿ."

"ನನ್ನ ಹಿಂದ ಹಿಂದ ಬಾ ತಂಗಿ" ಎಂದ ಡ್ರೈವರ್. "ನಾ ಹಗೂರ ಬಿಡ್ತೇನಿ. ನನ್ನ ಬ್ರೇಕ್ ಲೈಟ್ ಹತ್ತಿದ್ರ ನೀನೂ ಬ್ರೇಕ್ ಹಾಕು."

ಚೀಲವನ್ನು ಬಿಗಿದು, ತಾಡಪತ್ರಿಯಲ್ಲಿ ಸುತ್ತಿ ಬಸ್ಸಿನ ಡಿಕ್ಕಿಗೆ ಹಾಕಿದರು. ಕಂಡಕ್ಟರನೂ ಒಂದಿಬ್ಬರು ಪ್ರಯಾಣಿಕರೂ ಸೇರಿ ಕಾರನ್ನು ಜಲ್ಲಿಯಿಂದ ಹಿಂದಕ್ಕೆ ತಳ್ಳಿ ತೆಗೆದರು. ಯಜಮಾನರೂ ಬಸ್ಸು ಹತ್ತಿದರು. "ಮಾಲು ಬಿಟ್ಟು ನಾ ಇರೂದಿಲ್ಲ" ಎಂದರು. ಹತ್ತುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು, "ನಾ ಬಾಜೂಕ ಕುಂತ್ರ ಆಕಿ ನನ್ನ ಕೈ ನೋಡ್ತಾಳ, ರಸ್ತೆ ನೋಡೂದಿಲ್ಲ. ನೀ ಮುಂದ ಕುಂದ್ರು" ಎಂದರು.

ಕಿಟಕಿಗಳನ್ನೆಲ್ಲ ಇಳಿಸಿದೆವು. ನಾನು ಮುಂದೆ ಕುಳಿತೆ. ಕಣ್ಣು ತಾವಾಗಿಯೇ ಮುಚ್ಚಿಕೊಂಡವು.

"ಮಮ್ಮಿ, ನನಗ ಮತ್ತ ಕಣ್ಣೀರು ಬಂದ್ರ ರಸ್ತೆ ನೋಡೋರು ಯಾರು?" ಎಂದಳು ಮಗಳು.

ತೆರೆದೆ. ಮುಂದೆ ಬಸ್ಸಿನ ಹಿಂದಿನ ಗಾಜಿನಲ್ಲಿ ಯಜಮಾನರ ಮುಖ ನಮ್ಮ ಕಡೆಗೇ ತಿರುಗಿತ್ತು. ತಿರುವು ಬಂದಾಗೆಲ್ಲ ಅವರ ಅಂಗೈ ಮೇಲೆ ಕೆಳಗೆ ಆಡುತ್ತಿತ್ತು, ಹಗೂರ, ಹಗೂರ ಎಂದು. ನಾನು ಕಂಡದ್ದನ್ನೆಲ್ಲ ಜೋರಾಗಿ ಹೇಳತೊಡಗಿದೆ. ಬಲಕ್ಕೆ ತಿರುವು. ಮುಂದೆ ಬೈಕು. ಬ್ರೇಕ್ ಲೈಟ್ ಹತ್ತಿತು. ಕಲ್ಲು. ಬಸ್ಸು ನಿಂತಿತು. ನನ್ನ ದನಿ ನನಗೇ ಅಪರಿಚಿತವಾಗಿತ್ತು. ಕೆಳಗೆ ತಲುಪಿ ಮೊದಲ ತೆಂಗಿನ ತೋಟ ಕಂಡಾಗಲೂ ನಿಲ್ಲಿಸಲಾಗಲಿಲ್ಲ, "ತೆಂಗಿನ ಮರ, ತೆಂಗಿನ ಮರ" ಎನ್ನುತ್ತಲೇ ಇದ್ದೆ.

ಕುಮಟಾದಲ್ಲಿ ನಾದಿನಿ ಚೀಲ ಬಿಚ್ಚಿ ಮೂಗಿಗೆ ಸೆರಗು ಹಿಡಿದಳು. "ಅಣ್ಣಾ, ಅರ್ಧಾ ಪುಡಿ ಆಗೈತಲ್ಲೋ" ಎಂದು ನನ್ನ ಕಡೆ ತಿರುಗಿದಳು. "ವೈನೀ, ಮುಂದಿನ ವರ್ಷ ತೊಟ್ಟಿನ ಸಮೇತ ಕಳಸ್ರಿ. ತೊಟ್ಟು ಮುರಿಯೂದು ನನಗೇನ್ ಬರಂಗಿಲ್ಲೇನು?" ಅಣ್ಣ ತಲೆ ತಗ್ಗಿಸಿ ಚಹಾ ಕುಡಿದರು.

ಸಂಜೆ ಸಮುದ್ರಕ್ಕೆ ಹೋದೆವು. ಅಲೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಮರಳನ್ನು ಎಳೆದುಕೊಳ್ಳುತ್ತದಲ್ಲ, ಆಗ ಘಟ್ಟದ ಅಂಚೇ ನೆನಪಾಗಿ ಮಗಳ ತೋಳು ಹಿಡಿದುಕೊಂಡೆ. ಪಾದ ಮುಳುಗುವಷ್ಟು ನೀರಿಗಿಂತ ಮುಂದೆ ಹೋಗಬೇಡಿ ಎಂದು ನಾನು ಹೇಳುವುದು ಅದಕ್ಕೇ. ಅಂದು ಕಾರವಾರದಲ್ಲಿ ಸಿಸ್ಟರ್ಸ್ ಜೊತೆ ನಿಂತಿದ್ದ ನೀಲಿ ಸ್ಕರ್ಟಿನ ಹುಡುಗಿಗೂ ಇದೇ ಸಮುದ್ರ ಕಂಡಿತ್ತೇ? ಅವಳು ಪೂರ್ತಿ ಕಣ್ಣು ತೆರೆದಿದ್ದಳೋ ಇಲ್ಲವೋ, ನೆನಪಾಗಲಿಲ್ಲ.

ಮರಳುವ ದಿನದವರೆಗೂ ಮಗಳು ಕಾರಿನ ಮಾತೆತ್ತಲಿಲ್ಲ. ಆ ಬೆಳಿಗ್ಗೆ ಕೀಲಿ ಹಿಡಿದು ಕಾರಿನ ಪಕ್ಕ ನಿಂತಿದ್ದಳು. ಬೇಡ, ಬಸ್ಸಿಗೇ ಹೋಗೋಣ ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಯಜಮಾನರು ತಂಗಿ ಕೊಟ್ಟ ಹೊಸ ಉಪ್ಪಿನಕಾಯಿಯ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ನಾನು ಆ ಮಾತನ್ನು ನುಂಗಿಕೊಂಡು ಮುಂದಿನ ಬಾಗಿಲು ತೆರೆದೆ.

ಏರು ಶುರುವಾಯಿತು. ನಾನು ಕಣ್ಣು ಮುಚ್ಚಲಿಲ್ಲ.

"ಎಡಕ್ಕ ತಿರುವು. ಲಾರಿ ಬರಾಕತ್ತೈತಿ. ಹಾರ್ನ್ ಹೊಡಿ."

"ಕಾಣಸ್ತೈತಿ ಮಮ್ಮಿ."

"ಗೊತ್ತೈತಿ" ಎಂದೆ. "ಆದ್ರೂ ಹೇಳ್ತೇನಿ."